ದೋಣಿ ಒಲೆಯ ಲೈಸೆನ್ಸು

ಬ್ರೇಕಮ್ಮ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಅವಳ ಪಕ್ಕ ಕೂತು ಬೆವರು ಸುರಿಸಿದ ಶಿಷ್ಯರು ಇಟ್ಟದ್ದು. ಕಲಿಸುವ ಕಾರಿನಲ್ಲಿ ಗುರುವಿನ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ. ಶಿಷ್ಯ ಹಾಲಿನ ವ್ಯಾನಿಗೋ ಯಾರದೋ ಮನೆ ಗೇಟಿಗೋ ಗುರಿಯಿಟ್ಟು ಹೊರಟರೆ ಅದನ್ನು ಒತ್ತಬೇಕು. ಮದುವೆಗೆ ಮೊದಲಿನಿಂದಲೂ ಆ ಬ್ರೇಕಿನ ಮೇಲೆ ಬಲಗಾಲು ಊರಿಕೊಂಡೇ ದುಡಿದವಳು ಅವಳು. ಹೀಗಾಗಿ ಆ ಕಾಲು ತಲೆಯ ಮಾತು ಕೇಳುವುದನ್ನು ಬಿಟ್ಟು ಯಾವುದೋ ಕಾಲವಾಗಿತ್ತು. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟನ್ನು ಒದೆಯುತ್ತಿತ್ತು. ಸಿನಿಮಾದಲ್ಲಿ ನಾಯಕ ಕಾರನ್ನು ಜೋರಾಗಿ ತಿರುಗಿಸಿದರೆ ಮುಂದಿನ ಸಾಲಿನವರು ಹಿಂದೆ ತಿರುಗಿ ಗುರಾಯಿಸುತ್ತಿದ್ದರು. ನಿದ್ದೆಯಲ್ಲಿ ಯಾವ ಶಿಷ್ಯ ಕನಸಿಗೆ ಬರುತ್ತಿದ್ದನೋ ಏನೋ, ಅವಳ ಗಂಡ ಬೆಳಿಗ್ಗೆ ಎದ್ದು ಮೊಣಕಾಲು ನೀವಿಕೊಳ್ಳುತ್ತಿದ್ದ.

ಗಂಡನದು ಕನ್ನಡಕದ ಅಂಗಡಿ. ಚಪ್ಪಲಿ ರಿಪೇರಿಯವನಿಗೂ ಝೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡ ಉದ್ದನೆಯ ಕಿರಿದಾದ ಕೋಣೆ. ಒಂದು ತುದಿಯಲ್ಲಿ ಗಿರಾಕಿ ಕೂತರೆ ಇನ್ನೊಂದು ತುದಿಯಲ್ಲಿ ಅಕ್ಷರದ ಹಲಗೆ. ದಿನವಿಡೀ "ಇದು ಕಾಣ್ಸುತ್ತಾ, ಈಗ ಕಾಣ್ಸುತ್ತಾ" ಎಂದು ಕೇಳುವುದೇ ಕೆಲಸ. ಒಳ್ಳೆಯ ಮನುಷ್ಯ, ಆದರೆ ಯಾವುದಾದರೂ ಹುಚ್ಚು ತಲೆಗೆ ಹತ್ತಿದರೆ ಇಳಿಯುವುದು ಕಷ್ಟ. ಒಂದು ದಿನ ಕಣ್ಣು ತೋರಿಸಲು ಬಂದ ಮುದಿ ನಾವಿಕನೊಬ್ಬ ದೋಣಿ ತೋರಿಸಿ ಹೋದ. ದೂರದ ದೀಪಗಳು ತನಗಿನ್ನು ಕಾಣುವುದಿಲ್ಲವೆಂದು ಗೊತ್ತಾದ ಮೇಲೆ ಆತ ಹಾಯಿಯೂ ಇಂಜಿನ್ನೂ ಇದ್ದ ತನ್ನ ಪುಟ್ಟ ದೋಣಿಯನ್ನು ಮಾರಲು ಹೊರಟಿದ್ದ. ಕನ್ನಡಕದವನು ಅದನ್ನು ನೋಡಿದ್ದೇ ತಡ, ಮನಸೋತು ಕೊಂಡುಬಿಟ್ಟ.

ದೋಣಿಯೊಳಗೆ ಇದ್ದದ್ದು ಒಂದೇ ಕೋಣೆ. ನಿಂತರೆ ತಲೆ ತಗಲುತ್ತಿತ್ತು, ಕೂತರೆ ಮೊಣಕಾಲು, ಮಲಗಿದರೆ ಎರಡೂ. ಅದರ ಒಂದು ಮೂಲೆಯಲ್ಲಿ, ಮೆಟ್ಟಿಲಿನ ಪಕ್ಕ, ಅಡುಗೆಮನೆ ಎಂದು ಹೇಳಿಕೊಳ್ಳುವ ಒಂದು ಜಾಗ. ದೋಣಿಯನ್ನು ಒಪ್ಪಿಸುವ ದಿನ ನಾವಿಕ ಹಗ್ಗ, ಹಾಯಿ, ಲಂಗರು ಎಲ್ಲವನ್ನೂ ವಿವರಿಸುತ್ತಿದ್ದ. ಗಂಡ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಬ್ರೇಕಮ್ಮನ ಕಣ್ಣು ಮಾತ್ರ ಒಲೆಯ ಮೇಲಿತ್ತು. ಎರಡು ಬರ್ನರಿನ ಗ್ಯಾಸ್ ಒಲೆ, ಎರಡು ಕಬ್ಬಿಣದ ಗೂಟಗಳ ಮೇಲೆ ತೊಟ್ಟಿಲಿನ ಹಾಗೆ ತೂಗಾಡುತ್ತಿತ್ತು.

"ಇದ್ಯಾಕೆ ಹೀಗೆ ಅಲ್ಲಾಡ್ತಿದೆ? ತಿರುಪು ಸಡಿಲ ಆಗಿದ್ಯಾ?"

"ಅದು ಅಲ್ಲಾಡ್ತಿಲ್ಲಮ್ಮ," ಎಂದ ನಾವಿಕ. "ಅಲ್ಲಾಡ್ತಿರೋದು ನೀವು. ದೋಣಿ ಎತ್ತ ವಾಲಿದ್ರೂ ಒಲೆ ನೆಟ್ಟಗೆ ಇರ್ಲಿ ಅಂತ ಹಾಗೆ ತೂಗು ಹಾಕಿರೋದು. ಪಾತ್ರೆ ಜಾರದ ಹಾಗೆ ಸುತ್ತ ಕಂಬಿ ಇದೆ, ನೋಡಿ. ಬದಿಯಲ್ಲಿ ಚಿಲಕ ಇದ್ಯಲ್ಲ, ಅದನ್ನ ಅಡುಗೆ ಮಾಡೋವಾಗ ಮಾತ್ರ ಹಾಕಬೇಡಿ."

ಆಮೇಲೆ ಆತ ಗ್ಯಾಸಿನ ವಿಷಯ ಹೇಳಿದ. "ಇದು ಗಾಳಿಗಿಂತ ಭಾರ. ಮನೇಲಿ ಸೋರಿದ್ರೆ ಬಾಗಿಲಿಂದ ಆಚೆ ಹೋದ್ರೂ ಹೋದೀತು. ದೋಣಿಗೆ ಬಾಗಿಲು ಇರೋದು ಮೇಲೆ. ಸೋರಿದ್ದೆಲ್ಲ ನೀರಿನ ಹಾಗೆ ತಳಕ್ಕಿಳಿದು ಕೂತ್ಕೊಳ್ಳುತ್ತೆ. ಆಮೇಲೆ ಒಂದು ಕಿಡಿ ಸಾಕು. ಅದಕ್ಕೇ ಸಿಲಿಂಡರನ್ನ ಒಳಗಿಡದೆ ಮೇಲೆ ಪೆಟ್ಟಿಗೇಲಿ ಇಟ್ಟಿದ್ದೀನಿ. ಸೋರಿದ್ದು ಆಚೆ ಹೋಗ್ಲಿ ಅಂತ ಪೆಟ್ಟಿಗೆ ತಳದಲ್ಲಿ ಸಮುದ್ರಕ್ಕೆ ಒಂದು ತೂತು ಇದೆ. ಒಲೆ ಗುಂಡಿ ತಿರುಗಿಸಿದ್ರೆ ಸಾಲದು, ಕೆಲಸ ಮುಗಿದ ತಕ್ಷಣ ಮೇಲೆ ಹತ್ತಿ ಸಿಲಿಂಡರಿನ ವಾಲ್ವ್ ಮುಚ್ಚಬೇಕು."

"ಆದ್ರೂ ಒಳಗೆ ಸೋರಿಬಿಟ್ರೆ?"

"ಪ್ಲಾಸ್ಟಿಕ್ ಬಕೆಟ್ಟಲ್ಲಿ ಮೊಗೆದು ಸಮುದ್ರಕ್ಕೆ ಚೆಲ್ಲಿ."

ತಮಾಷೆ ಇರಬಹುದೆಂದು ಬ್ರೇಕಮ್ಮ ಅವನ ಮುಖ ನೋಡಿದಳು. ಮುಖದಲ್ಲಿ ತಮಾಷೆ ಇರಲಿಲ್ಲ. ಸರಿ, ಕೊನೆಯದಾಗಿ ಒಂದು ಕೇಳಿಬಿಡೋಣ ಎಂದು, "ಬ್ರೇಕ್ ಎಲ್ಲಿದೆ?" ಎಂದಳು.

"ದೋಣಿಗೆ ಬ್ರೇಕ್ ಇರಲ್ಲಮ್ಮ."

 ಮನೆಗೆ ಬರುವವರೆಗೂ ಅವಳ ಬಲಗಾಲು ಇಲ್ಲದ ಬ್ರೇಕನ್ನು ಹುಡುಕುತ್ತಲೇ ಇತ್ತು.

ಮೊದಲ ಪ್ರಯಾಣಕ್ಕೆ ಹೊರಟವರು ನಾಲ್ವರು. ಬ್ರೇಕಮ್ಮ, ಗಂಡ, ಅತ್ತೆ ಮತ್ತು ಮೈದುನ. ಅತ್ತೆ ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಊರಿನ ಅರ್ಧ ಗುಟ್ಟು ಅವರ ಕಿವಿಯಲ್ಲಿ ಹಾದುಹೋಗಿತ್ತು, ಒಂದೂ ಬಾಯಿಂದ ಹೊರಬಿದ್ದಿರಲಿಲ್ಲ. ನಿವೃತ್ತಿಯಾದ ಮೇಲೂ ಯಾರಾದರೂ ಕರೆದರೆ "ಲೈನಲ್ಲೇ ಇರಿ" ಎಂದೇ ಎದ್ದು ಬರುತ್ತಿದ್ದರು. ಮೈದುನನದು ಹಾಸಿಗೆ ಅಂಗಡಿ. ಮಾರುವ ಸರಕಿನ ಮೇಲೆ ಅವನಿಗೆ ಎಷ್ಟು ನಂಬಿಕೆಯೆಂದರೆ ಎಲ್ಲಿ ಬೆನ್ನು ತಾಗಿದರೂ ಅಲ್ಲೇ ನಿದ್ದೆ.

ಅಂದು ಬೆಳಿಗ್ಗೆ ಗಾಳಿ ಹಿತವಾಗಿತ್ತು. ತಾನೇ ತಿಂಡಿ ಮಾಡಿ ಎಲ್ಲರನ್ನೂ ಬೆರಗುಗೊಳಿಸುತ್ತೇನೆಂದು ಗಂಡ ಕೆಳಗಿಳಿದ. ಚುಕ್ಕಾಣಿಯನ್ನು ಬ್ರೇಕಮ್ಮನ ಕೈಗೆ ಕೊಟ್ಟ. ಬಾಣಲೆಯಲ್ಲಿ ಆಮ್ಲೆಟ್ ಹುಯ್ದ. ಒಲೆ ಅತ್ತಿತ್ತ ತೂಗುವುದನ್ನು ಕಂಡು, ಛೆ, ಇದೇನಿದು ಎಂದುಕೊಂಡು ಚಿಲಕ ಜಡಿದ. ನಾವಿಕ ಆ ಮಾತು ಹೇಳುವಾಗ ಅವನು ಹಾಯಿಯ ಹಗ್ಗವನ್ನು ಸವರುತ್ತಾ ನಿಂತಿದ್ದ, ಪಾಪ. ಅಷ್ಟರಲ್ಲಿ ಪಕ್ಕದಲ್ಲೇ ಒಂದು ದೊಡ್ಡ ಫೆರ್‍ರಿ ಹಾದುಹೋಯಿತು. ಅದೆಬ್ಬಿಸಿದ ಅಲೆ ಬರುವುದು ಬ್ರೇಕಮ್ಮನಿಗೆ ಕಂಡಿತು. ಬಲಗಾಲು ತಾನಾಗಿಯೇ ಹಲಗೆಯನ್ನು ಬಲವಾಗಿ ಒತ್ತಿತು. ಏನೂ ನಿಲ್ಲಲಿಲ್ಲ.

ದೋಣಿ ವಾಲಿತು, ಅದರ ಜೊತೆ ಒಲೆಯೂ ವಾಲಿತು. ಬಾಣಲೆ ಕಂಬಿಯನ್ನು ಹಾರಿ ಹೊರಟಿತು. ಆಮ್ಲೆಟ್ ಅದಕ್ಕಿಂತ ಮುಂಚೆಯೇ ಹೊರಟಿತ್ತು. ಅದು ಹಾರಿ ಎದುರಿನ ಬೆಂಚಿನ ಮೇಲೆ ಮಲಗಿದ್ದ ಮೈದುನನ ಎದೆಯ ಮೇಲೆ ಅಂಗಾತ ಬಿತ್ತು. ಅವನು ಕಣ್ಣು ತೆರೆಯದೆಯೇ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು, "ಅಣ್ಣ, ಉಪ್ಪು ಕಮ್ಮಿ," ಎಂದು ಮಗ್ಗುಲಾದ.

ಅತ್ತೆ ನಕ್ಕರು, ಗಂಡನೂ ನಕ್ಕ. ಬ್ರೇಕಮ್ಮ ನಗಲಿಲ್ಲ. ಬಿಸಿ ಎಣ್ಣೆಯ ಬಾಣಲೆ ಗಂಡನ ಬರಿಗಾಲಿನಿಂದ ಗೇಣುದೂರದಲ್ಲಿ ಬೋರಲು ಬಿದ್ದಿತ್ತು. ಒಲೆಯ ಬರ್ನರ್ ಇನ್ನೂ ಉರಿಯುತ್ತಿತ್ತು. ಈ ವಾಹನಕ್ಕೆ ಬ್ರೇಕಿಲ್ಲ, ನಿಜ. ಆದರೆ ಇದರಲ್ಲಿ ನಿಲ್ಲಿಸಬಹುದಾದದ್ದು ಒಂದಿದೆ, ಅದು ಒಲೆ. ಇಷ್ಟು ಹೊಳೆದದ್ದೇ ಅವಳಿಗೆ ಮೈಯಲ್ಲಿ ಜೀವ ಬಂದಂತಾಯಿತು.

ಮುಂದಿನ ಪ್ರಯಾಣದ ಹೊತ್ತಿಗೆ ದೋಣಿಯ ಅಡುಗೆಮನೆಯನ್ನು ಗುರುತು ಹಿಡಿಯುವಂತಿರಲಿಲ್ಲ. ಡ್ರೈವಿಂಗ್ ಶಾಲೆಯ ಗುಜರಿ ಕಾರಿನಿಂದ ಬಿಚ್ಚಿ ತಂದ ಸೀಟ್ ಬೆಲ್ಟನ್ನು ಒಲೆಯ ಮುಂದೆ ಜಡಿಸಿದ್ದಳು. ಅಡುಗೆ ಮಾಡುವವರು ಅದನ್ನು ಸೊಂಟಕ್ಕೆ ಹಾಕಿಕೊಂಡರೆ ದೋಣಿ ವಾಲಿದಾಗ ಒಲೆಯ ಮೇಲೂ ಬೀಳುವುದಿಲ್ಲ, ಹಿಂದಕ್ಕೂ ಬೀಳುವುದಿಲ್ಲ. ಬೆಂಕಿ ಆರಿಸುವ ಕಂಬಳಿಯನ್ನು ಒಲೆಯ ಹಿಂದಿನಿಂದ ತೆಗೆದು ಮೆಟ್ಟಿಲಿನ ಪಕ್ಕ ನೇತುಹಾಕಿದ್ದಳು. ಬೆಂಕಿಯ ಮೇಲೆ ಕೈಚಾಚಿ ಕಂಬಳಿ ತೆಗೆಯುವವನು ಮೊದಲು ತನ್ನ ತೋಳನ್ನೇ ಆರಿಸಬೇಕಾದೀತು ಎಂಬುದು ಅವಳ ವಾದ. ಪಾತ್ರೆಗಳನ್ನು ಕಚ್ಚಿ ಹಿಡಿಯುವ ಕ್ಲಿಪ್ಪು ಬಂದಿತ್ತು. ಎಲ್ಲಕ್ಕಿಂತ ಮಿಗಿಲಾಗಿ ಒಂದು ಕಾನೂನು ಬಂದಿತ್ತು.

"ಇನ್ಮೇಲೆ ಲೈಸೆನ್ಸ್ ಇಲ್ದೆ ಯಾರೂ ಒಲೆ ಮುಟ್ಟೋ ಹಾಗಿಲ್ಲ," ಎಂದಳು ಬ್ರೇಕಮ್ಮ. "ಪರೀಕ್ಷೆ ನಾನೇ ಮಾಡ್ತೀನಿ."

"ದೋಣಿ ನಂದು ಕಣೇ," ಎಂದ ಗಂಡ.

"ಕಾರು ಅವರದೇ ಅಂತ ಯಾರನ್ನೂ ಲೈಸೆನ್ಸ್ ಪರೀಕ್ಷೆಗೆ ಕಳಿಸಿಲ್ಲ ನಾನು. ಬನ್ನಿ, ನೀವೇ ಮೊದಲು."

ಪರೀಕ್ಷೆ ಎಂದರೆ ಒಂದು ಕೆಟಲ್ ನೀರು ಕುದಿಸಿ ಚಹಾ ಮಾಡುವುದು. ಅವಳು ಪಕ್ಕದಲ್ಲಿ ಮುಕ್ಕಾಲಿ ಹಾಕಿಕೊಂಡು, ಕೈಕಟ್ಟಿ, ಮುಖದಲ್ಲಿ ಏನೂ ತೋರಿಸದೆ ಕೂತಳು. ಗಂಡ ಬೆಲ್ಟ್ ಹಾಕಿಕೊಂಡ. ಚಿಲಕ ಬಿಚ್ಚಿದ. ಮೇಲೆ ಹೋಗಿ ವಾಲ್ವ್ ತೆರೆಯಬೇಕೆಂದು ಆಮೇಲೆ ನೆನಪಾಗಿ, ಬೆಲ್ಟ್ ಸಮೇತ ಮೆಟ್ಟಿಲ ಕಡೆ ಹೊರಟು, ಅರ್ಧಕ್ಕೇ ನಿಂತು ಹಿಂದಕ್ಕೆ ಬಂದ. ಅದನ್ನು ಅವಳು ಕ್ಷಮಿಸಿದಳು. ಆದರೆ ಚಹಾ ಆದ ಮೇಲೆ ಅವನು ಒಲೆಯ ಗುಂಡಿ ತಿರುಗಿಸಿ, ಹಾಡು ಗುನುಗುತ್ತಾ ಲೋಟ ಹಿಡಿದು ಹೊರಟೇಬಿಟ್ಟ.

"ವಾಲ್ವ್?"

"ಈ ಗುಟುಕು ಕುಡಿದು ಹೋಗ್ತೀನಿ."

"ಫೇಲ್," ಎಂದಳು. ಮುಖ ಊದಿಸಿಕೊಂಡ ಗಂಡನಿಗೆ ಆ ಪ್ರಯಾಣವಿಡೀ ಬ್ರೆಡ್ಡು ಬೆಣ್ಣೆಯೇ ಗತಿಯಾಯಿತು. ಅದು ಸಾಲದೆಂಬಂತೆ, ಶಾಲೆಯ ಕಾರಿನ ಕೆಂಪು 'ಎಲ್' ಬೋರ್ಡನ್ನು ಅವನು ಕಟ್ಟಿಕೊಳ್ಳುವ ಏಪ್ರನ್ನಿಗೆ ಪಿನ್ನು ಹಾಕಿ ಸಿಕ್ಕಿಸಿದಳು.

ಮೈದುನನ ಕಥೆ ಇನ್ನೂ ಶೋಚನೀಯ. "ಒಲೆ ಹಚ್ಚೋಕೆ ಮುಂಚೆ ಮೊದಲು ಏನು ನೋಡ್ಬೇಕು?" ಎಂದು ಕೇಳಿದರೆ "ಬಿಸ್ಕತ್ತು ಇದ್ಯಾ ಅಂತ" ಎಂದ. ಮತ್ತೊಂದು ಸಲ ಎಲ್ಲವನ್ನೂ ಸರಿಯಾಗಿ ಮಾಡಿ, ನೀರು ಕುದಿಯುವುದನ್ನು ಕಾಯುತ್ತಾ ಬೆಲ್ಟಿನಲ್ಲಿ ನೇತಾಡಿಕೊಂಡೇ ನಿದ್ದೆ ಹೋದ. ಅವನನ್ನು ಎಬ್ಬಿಸುವುದಕ್ಕೆ ಮುಂಚೆ ಬ್ರೇಕಮ್ಮ ಒಲೆ ಆರಿಸಿದಳು. ಮೊದಲು ಒಲೆ, ಆಮೇಲೆ ಮನುಷ್ಯ ಎಂಬುದು ನಿಯಮ.

ಪಾಸಾದದ್ದು ಅತ್ತೆ ಒಬ್ಬರೇ, ಅದೂ ಮೊದಲ ಸಲಕ್ಕೇ. ಎಕ್ಸ್‌ಚೇಂಜಿನಲ್ಲಿ ಮಾಡಿದ್ದನ್ನೆಲ್ಲ ಬಾಯಲ್ಲಿ ಹೇಳಿಕೊಂಡು ಮಾಡುವುದು ಅವರಿಗೆ ರೂಢಿ. "ಚಿಲಕ ಬಿಚ್ಚಿದೆ. ವಾಲ್ವ್ ತೆರೆದೆ. ಬೆಲ್ಟ್ ಹಾಕಿದೆ. ಸಂಪರ್ಕ ಕೊಡ್ತಿದ್ದೀನಿ," ಎಂದು ಕಡ್ಡಿ ಗೀರಿದರು. ಚಹಾ ಇಳಿಸಿ, "ಮಾತು ಮುಗೀತಾ? ಲೈನ್ ಕತ್ತರಿಸ್ತೀನಿ," ಎಂದು ಮೆಟ್ಟಿಲು ಹತ್ತಿ ಹೋಗಿ ವಾಲ್ವ್ ಮುಚ್ಚಿ ಬಂದರು. ಬ್ರೇಕಮ್ಮನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಅಲ್ಲಿಂದ ದೋಣಿಯಲ್ಲಿ ಅತ್ತೆಯ ದರ್ಬಾರು ಶುರುವಾಯಿತು. ಬ್ರೇಕಮ್ಮ ಚುಕ್ಕಾಣಿಯ ಬಳಿ ಇದ್ದಾಗ ಬಿಸಿ ಚಹಾ ಬೇಕಾದರೆ ಅವರನ್ನೇ ಕೇಳಬೇಕು. ಅವರು ಬೇಡವೆನ್ನುತ್ತಿರಲಿಲ್ಲ, ಆದರೆ ಚಹಾ ಕುದಿಯುವಷ್ಟು ಹೊತ್ತು ಎಕ್ಸ್‌ಚೇಂಜಿನ ಕಥೆ ಕೇಳಿಸಿಕೊಳ್ಳಬೇಕಿತ್ತು. ಗುಟ್ಟು ಬಿಟ್ಟುಕೊಡದೆ ಹೇಳುವ ಕಥೆಗಳು ಅವು. "ಒಬ್ರು ಇನ್ನೊಬ್ರಿಗೆ ಫೋನ್ ಮಾಡಿ ಒಂದು ವಿಷಯ ಹೇಳಿದ್ರು. ಅದನ್ನ ಕೇಳಿ ಇವರಿಗೆ ಎಂಥಾ ಸಿಟ್ಟು ಬಂತು ಅಂತೀಯಾ. ಆದ್ರೆ ನಾನು ಹೇಳೋ ಹಾಗಿಲ್ಲ." ಕೇಳಿಸಿಕೊಂಡವರು ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು.

ಇದನ್ನು ತಾಳಲಾರದೆ ಮೈದುನ ತನ್ನದೇ ದಾರಿ ಹುಡುಕಿಕೊಂಡ. ಮುಂದಿನ ಪ್ರಯಾಣಕ್ಕೆ ಬರುವಾಗ ಮನೆಯಲ್ಲೇ ಒಂದು ಚೀಲ ಮೊಟ್ಟೆ ಬೇಯಿಸಿ ತಂದು, ಯಾರಿಗೂ ಹೇಳದೆ, ತಂಪಾಗಿರುತ್ತದೆಂದು ದೋಣಿಯ ನೆಲದ ಹಲಗೆ ಎತ್ತಿ ಅದರಡಿಯಲ್ಲಿ ಬಚ್ಚಿಟ್ಟ. ಒಂದೆರಡನ್ನು ಕದ್ದು ತಿಂದದ್ದೂ ಆಯಿತು. ಆಮೇಲೆ ನಿದ್ದೆ ಬಂತು, ಮೊಟ್ಟೆ ಮರೆತುಹೋಯಿತು. ಪ್ರಯಾಣ ಮುಗಿಯಿತು, ಎಲ್ಲರೂ ಮನೆಗೆ ಹೋದರು, ಮೊಟ್ಟೆ ಮಾತ್ರ ದೋಣಿಯಲ್ಲೇ ಉಳಿಯಿತು. ಆ ದಿನಗಳಲ್ಲಿ ಬಿಸಿಲು ಜೋರಾಗಿತ್ತು.

ಅವರು ಮತ್ತೆ ಹೊರಟದ್ದು ಒಂದು ರಜೆಯ ದಿನ. ಬೀಸುವ ಗಾಳಿಯಲ್ಲಿ ಯಾವ ವಾಸನೆಯೂ ತಿಳಿಯಲಿಲ್ಲ. ಮಧ್ಯಾಹ್ನ ಒಂದು ಸಣ್ಣ ಕೊಲ್ಲಿಯಲ್ಲಿ ಲಂಗರು ಹಾಕಿದರು. ಸ್ವಲ್ಪ ದೂರದಲ್ಲಿ ಇನ್ನೊಂದು ದೋಣಿ ನಿಂತಿತ್ತು. ಅದರಲ್ಲಿ ಹುಲ್ಲಿನ ಟೋಪಿ ಹಾಕಿದ ಒಬ್ಬನೇ ಮನುಷ್ಯ ಪುಸ್ತಕ ಓದುತ್ತಾ ಕೂತಿದ್ದ. ಬ್ರೇಕಮ್ಮ ಸೂಪು ಬಿಸಿ ಮಾಡಿ, ಒಲೆ ಆರಿಸಿ, ಬೆಲ್ಟ್ ಬಿಚ್ಚಿ, ವಾಲ್ವ್ ಮುಚ್ಚಲು ಮೆಟ್ಟಿಲು ಹತ್ತಿದಳು. ಅದೇ ಹೊತ್ತಿಗೆ ಗಂಡ, "ಬೇಗ ಬಾರೇ, ಆಮೆ," ಎಂದು ಕೂಗಿದ. ಅವಳು ಓಡಿದಳು. ಎಲ್ಲರೂ ಉಸಿರು ಬಿಗಿಹಿಡಿದು ನೋಡಿದರು. ಆಮೆ ನಿಧಾನವಾಗಿ ತೇಲಿಬಂದು ಬಟ್ಟೆ ಒಗೆಯುವ ಪ್ಲಾಸ್ಟಿಕ್ ತೊಟ್ಟಿಯಾಯಿತು. ಊರಿಗೆಲ್ಲ ಕಣ್ಣು ಸರಿಮಾಡುವವನ ಕಣ್ಣು ನೋಡಿ ಎಂದು ಎಲ್ಲರೂ ಅವನನ್ನು ಆಡಿಕೊಂಡರು. ಊಟ ಮಾಡಿದರು. ಗಾಳಿ ಪೂರ್ತಿ ನಿಂತಿತು.

ಪಾತ್ರೆ ತೊಳೆಯಲು ಬ್ರೇಕಮ್ಮ ಕೆಳಗಿಳಿದಳು. ಅಭ್ಯಾಸಬಲದಿಂದ ಬೆಲ್ಟ್ ಹಾಕಿಕೊಂಡಳು. ಬಿದ್ದ ಚಮಚ ತೆಗೆಯಲು ಬಗ್ಗಿದಾಗ ಮೂಗಿಗೆ ವಾಸನೆ ಅಡರಿತು. ಕೊಳೆತ ಮೊಟ್ಟೆಯಂಥ ವಾಸನೆ. ಗ್ಯಾಸಿನ ವಾಸನೆಯೂ ಅದೇ ಥರ ಎಂಬುದು ಅವಳಿಗೆ ಗೊತ್ತಿತ್ತು.

ಅವಳು ಮೆಟ್ಟಿಲ ಕಡೆ ಹಾರಿದಳು. ಬೆಲ್ಟ್ ಅವಳನ್ನು ಎಳೆದು ಸ್ವಸ್ಥಾನಕ್ಕೆ ತಂದು ನಿಲ್ಲಿಸಿತು. ಮತ್ತೆ ಹಾರಿದಳು, ಮತ್ತೆ ಎಳೆಯಿತು. ಮೂರನೆಯ ಸಲಕ್ಕೆ ಬಿಚ್ಚಬೇಕೆಂದು ಹೊಳೆಯಿತು.

"ಅತ್ತೆ, ನೀವು ಪೆಟ್ಟಿಗೆ ಹತ್ರಾನೇ ಇದ್ದೀರಿ, ವಾಲ್ವ್ ನೋಡಿ. ರೀ, ಯಾವ ಸ್ವಿಚ್ಚೂ ಮುಟ್ಟಬೇಡಿ, ಇಂಜಿನ್ ಬೇಡ, ಫೋನ್ ಬೇಡ. ಎಲ್ಲಾ ಕಿಂಡಿ ತೆಗೀರಿ. ಗ್ಯಾಸ್ ಸೋರಿದೆ."

ಅತ್ತೆ ಪೆಟ್ಟಿಗೆಯ ಮುಚ್ಚಳ ತೆರೆದು, ಕೈಹಾಕಿ, ಏನೋ ತಿರುಗಿಸಿ, "ಮುಚ್ಚಿದೆ," ಎಂದರು. ಅಷ್ಟೇ ಹೇಳಿದರು. ಅವರನ್ನು ಹಿಂದೆ ಕಟ್ಟಿದ್ದ ಪುಟ್ಟ ರಬ್ಬರ್ ದೋಣಿಗೆ ಇಳಿಸಿ, ಕೈಗೆ ಛತ್ರಿ ಕೊಟ್ಟು, ಉದ್ದನೆಯ ಹಗ್ಗ ಬಿಟ್ಟು ದೂರ ನಿಲ್ಲಿಸಲಾಯಿತು. ಮೈದುನನನ್ನು ಎಬ್ಬಿಸಲಾಯಿತು. ಆಮೇಲೆ ಬ್ರೇಕಮ್ಮ ಪ್ಲಾಸ್ಟಿಕ್ ಬಕೆಟ್ಟುಗಳನ್ನು ಹೊರತೆಗೆದಳು.

"ಇದ್ಯಾಕೆ?" ಎಂದ ಗಂಡ.

"ಗ್ಯಾಸು ತಳದಲ್ಲಿ ಕೂತಿದೆ. ಮೊಗೆದು ಚೆಲ್ಲಬೇಕು."

ಮೂವರೂ ಸಾಲಾಗಿ ನಿಂತರು. ಬ್ರೇಕಮ್ಮ ಕೆಳಗೆ ಬಗ್ಗಿ ನೆಲದ ಮೇಲಿಂದ ಬಕೆಟ್ಟಿನಲ್ಲಿ ಮೊಗೆಯುವುದು, ಮೆಟ್ಟಿಲ ಮೇಲಿದ್ದ ಮೈದುನನಿಗೆ ಕೊಡುವುದು, ಅವನು ಅಣ್ಣನಿಗೆ ದಾಟಿಸುವುದು, ಅಣ್ಣ ಬದಿಗೆ ಬಗ್ಗಿ ಸಮುದ್ರಕ್ಕೆ ಸುರಿಯುವುದು.

"ಮೆಲ್ಲಗೆ ಕಣೋ, ಚೆಲ್ಲಬೇಡ," ಎಂದಳು ಬ್ರೇಕಮ್ಮ.

"ಏನನ್ನ ಚೆಲ್ಲಬಾರದು ಅತ್ತಿಗೆ? ಬಕೆಟ್ ಖಾಲಿ ಇದೆ."

"ಖಾಲಿ ಅಲ್ಲ, ತುಂಬಿದೆ. ನೆಟ್ಟಗೆ ಹಿಡ್ಕೋ."

ಅವನು ಬಕೆಟ್ಟಿನೊಳಗೆ ನೋಡಿದ. ಅಣ್ಣನೂ ಕನ್ನಡಕ ಒರೆಸಿಕೊಂಡು ನೋಡಿದ. "ನಂಗೇನೂ ಕಾಣ್ಸಲ್ಲ," ಎಂದ. "ತೊಟ್ಟಿ ಆಮೆ ಆಗಿ ಕಾಣ್ಸುತ್ತೆ, ಇದೆಲ್ಲಿ ಕಾಣ್ಸುತ್ತೆ," ಎಂದು ಕೆಳಗಿಂದ ಉತ್ತರ ಬಂತು. ರಬ್ಬರ್ ದೋಣಿಯಿಂದ ಅತ್ತೆ, "ಪೂರ್ತಿ ಬಗ್ಗಿಸೋ, ತಳದಲ್ಲಿ ಉಳಿಯುತ್ತೆ," ಎಂದು ಛತ್ರಿ ಆಡಿಸಿದರು. ಆಗಿನಿಂದ ಗಂಡ ಪ್ರತಿ ಬಕೆಟ್ಟನ್ನೂ ಸುರಿದ ಮೇಲೆ ಎರಡು ಸಲ ತಟ್ಟಿ ಕೊಡವತೊಡಗಿದ.

ಹುಲ್ಲಿನ ಟೋಪಿಯವನು ಪುಸ್ತಕ ಕೆಳಗಿಟ್ಟು ಬಹಳ ಹೊತ್ತು ಇವರನ್ನೇ ನೋಡಿದ. ಮೂವರು ದೊಡ್ಡವರು ಬೆವರಿಳಿಸಿಕೊಂಡು ಬರಿ ಬಕೆಟ್ಟನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದಾರೆ, ಅದರಲ್ಲಿ ಇಲ್ಲದ್ದನ್ನು ಜೋಪಾನವಾಗಿ ಸಮುದ್ರಕ್ಕೆ ಸುರಿಯುತ್ತಿದ್ದಾರೆ, ಛತ್ರಿ ಹಿಡಿದ ಅಜ್ಜಿಯೊಬ್ಬರು ದೂರದಿಂದ ಉಸ್ತುವಾರಿ ಮಾಡುತ್ತಿದ್ದಾರೆ. ಕೊನೆಗೆ ತಡೆಯಲಾರದೆ ತನ್ನ ಸಣ್ಣ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಅತ್ತೆಯ ಬಳಿಗೆ ಬಂದ.

"ಅಮ್ಮ, ತಪ್ಪು ತಿಳೀಬೇಡಿ. ಅವರು ಏನನ್ನ ಚೆಲ್ತಿದ್ದಾರೆ?"

"ಗ್ಯಾಸು," ಎಂದರು ಅತ್ತೆ.

ಆತ ಹೌದೇ ಎನ್ನುವಂತೆ ತಲೆಯಾಡಿಸಿದ. ವಾಪಸ್ಸು ಹೋಗಿ, ಲಂಗರು ಎತ್ತಿ, ತನ್ನ ದೋಣಿಯನ್ನು ಕೊಲ್ಲಿಯ ಇನ್ನೊಂದು ತುದಿಗೆ ಒಯ್ದು ನಿಲ್ಲಿಸಿದ.

ಎಷ್ಟು ಮೊಗೆದರೂ ವಾಸನೆ ಹೋಗಲೊಲ್ಲದು. ಮೊಗೆದಷ್ಟೂ ಹೆಚ್ಚಾಗುತ್ತಿತ್ತು. ಹಲಗೆಯ ಅಡಿಯಲ್ಲೂ ತುಂಬಿರಬೇಕು ಎಂದು ಬ್ರೇಕಮ್ಮ ಹಲಗೆಗೆ ಕೈಹಾಕಿದಳು. ಮೈದುನನ ಮುಖ ಬಿಳುಚಿತು. ಮೊಟ್ಟೆಯ ನೆನಪು ಅವನಿಗೆ ಬಂದದ್ದೇ ಆಗ.

"ಅತ್ತಿಗೆ, ಅದನ್ನ ಎತ್ತಬೇಡಿ."

"ಯಾಕೆ?"

"ನಾನೇ ಎತ್ತುತ್ತೀನಿ."

ಎತ್ತಿದ. ವಾಸನೆ ಎದ್ದು ಬಂದು ಮೂವರ ಮುಖಕ್ಕೂ ಹೊಡೆಯಿತು. ಬ್ರೇಕಮ್ಮ ಮೂಗಿಗೆ ಸೆರಗು ಒತ್ತಿಕೊಂಡು ಬಗ್ಗಿ ನೋಡಿದಳು. ಮೂಲೆಯಲ್ಲಿ ಒದ್ದೆಯಾದ ಬಟ್ಟೆ ಚೀಲ, ಅದರೊಳಗೆ ಒಂದು ಕಾಲದಲ್ಲಿ ಮೊಟ್ಟೆಯಾಗಿದ್ದ ವಸ್ತು. ಮೈದುನ ಅದನ್ನು ಕೋಲಿನ ತುದಿಯಲ್ಲಿ ಹಿಡಿದು, ಮುಖ ತಿರುಗಿಸಿಕೊಂಡು ಹೊರಗೆ ತಂದ. ರಬ್ಬರ್ ದೋಣಿಯಲ್ಲಿದ್ದ ಅತ್ತೆ ಛತ್ರಿಯನ್ನು ಗುರಾಣಿಯಂತೆ ಅಡ್ಡ ಹಿಡಿದರು.

ಗಂಡ ಕೂತಲ್ಲೇ ನಗತೊಡಗಿದ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡ. "ಮೊಟ್ಟೆ ವಾಸನೇನ ಬಕೆಟ್ಟಲ್ಲಿ ಮೊಗೆಸಿದ್ಯಲ್ಲೇ ನನ್ ಕೈಲಿ. ಅದನ್ನ ಕೊಡವಿ ಬೇರೆ ಹಾಕ್ದೆ ನಾನು." ಮೈದುನನಿಗೆ, ತನ್ನ ತಪ್ಪು ಮರೆಯಾಗಲಿ ಎಂದು, ಅಣ್ಣನಿಗಿಂತ ಜೋರಾಗಿ ನಗು ಬಂತು. ಬ್ರೇಕಮ್ಮ ಸೊಪ್ಪು ಹಾಕಲಿಲ್ಲ. ಸೋಪಿನ ನೀರು ಕಲಸಿ ತಂದು ಗ್ಯಾಸಿನ ಕೊಳವೆಯ ಒಂದೊಂದು ಜೋಡಣೆಗೂ ಹಚ್ಚಿದಳು. ಸೋರುತ್ತಿದ್ದರೆ ಗುಳ್ಳೆ ಏಳಬೇಕು. ಒಂದೂ ಏಳಲಿಲ್ಲ.

"ನಗ್ರಿ, ನಗ್ರಿ," ಎಂದಳು. "ಮೊಟ್ಟೆ ಅಂತ ಗೊತ್ತಾದ್ಮೇಲೆ ಯಾರು ಬೇಕಾದ್ರೂ ನಗಬಹುದು. ನಿಯಮ ಅಂದ್ರೆ ನಿಯಮ. ನಾನಿಲ್ದಿದ್ರೆ ನಿಮ್ಮ ಗತಿ ಏನು ಅಂತ."

ಆಗ ಅತ್ತೆ ಹಗ್ಗ ಎಳೆದುಕೊಂಡು ದೋಣಿಗೆ ಹತ್ತಿದರು. ಛತ್ರಿ ಮಡಚಿ ಬದಿಗಿಟ್ಟರು.

"ಇನ್ನೊಂದು ಕರೆ ಕಾಯ್ತಾ ಇದೆ," ಎಂದರು. "ನಾನು ಯಾರ ಗುಟ್ಟನ್ನೂ ಬಿಟ್ಟುಕೊಟ್ಟೋಳಲ್ಲ ಕಣಮ್ಮ. ಆದ್ರೆ ಇದು ದೋಣಿ ವಿಷಯ. ನೀನು ವಾಲ್ವ್ ನೋಡಿ ಅಂದಾಗ ನಾನು ನೋಡಿದೆ. ಅದು ತೆರೆದಿತ್ತು."

ನಗು ನಿಂತಿತು.

"ನಾನೇ ಮುಚ್ಚಿದೆ. ಮೂರು ಸುತ್ತು ತಿರುಗಿಸಬೇಕಾಯ್ತು. ಸೂಪು ಮಾಡಿದ್ದು ಯಾರು?"

 ಮೆಟ್ಟಿಲು, ಆಮೆ, ತೊಟ್ಟಿ ಎಲ್ಲವೂ ಬ್ರೇಕಮ್ಮನ ಕಣ್ಣ ಮುಂದೆ ಬಂದವು. ಆಮೆಯ ಮೇಲೆ ತಪ್ಪು ಹೊರಿಸುವ ಯೋಚನೆ ಒಂದು ಕ್ಷಣ ಬಂದದ್ದು ನಿಜ. ಆದರೆ ಎದುರಿಗೊಬ್ಬ ಬಂದ ಅದಕ್ಕೆ ಹೀಗಾಯಿತು, ನಾಯಿ ಅಡ್ಡ ಬಂತು ಅದಕ್ಕೆ ಹಾಗಾಯಿತು ಎನ್ನುವ ಶಿಷ್ಯರನ್ನು ಅವಳು ಜೀವಮಾನವಿಡೀ ಬೈದಿದ್ದಳು. ಏಪ್ರನ್ ಬಿಚ್ಚಿದಳು. ಮಡಚಿ ಅತ್ತೆಯ ಕೈಯಲ್ಲಿಟ್ಟಳು.

"ನನ್ ಲೈಸೆನ್ಸು ರದ್ದು," ಎಂದಳು. "ನೀವೇ ನನ್ ಪರೀಕ್ಷೆ ಮಾಡಿ ಅತ್ತೆ."

"ಬಿಡೇ, ಹೋಗ್ಲಿ," ಎಂದ ಗಂಡ. ಅವಳು ಕೇಳಲಿಲ್ಲ. ನಿಜ ಹೇಳಬೇಕೆಂದರೆ ಅತ್ತೆಯೂ ಬಿಡುವಂತಿರಲಿಲ್ಲ. ಆಗಲೇ ಕೆಳಗಿಳಿದು ಮುಕ್ಕಾಲಿ ಎಳೆದುಕೊಂಡು ಕೂತಾಗಿತ್ತು.

ಸಂಜೆಯ ಬಿಸಿಲು ಕಿಂಡಿಯಿಂದ ಒಲೆಯ ಮೇಲೆ ಬೀಳುತ್ತಿತ್ತು. ಗಂಡ, ಮೈದುನ ಇಬ್ಬರೂ ಸಿನಿಮಾಕ್ಕೆ ಬಂದವರ ಹಾಗೆ ಬೆಂಚಿನ ಮೇಲೆ ಕೂತರು. ಬ್ರೇಕಮ್ಮ ಒಲೆಯ ಮುಂದೆ ನಿಂತಳು. ಇಷ್ಟು ವರ್ಷ ಪಕ್ಕದಲ್ಲಿ ಕೂತವಳೇ ಹೊರತು ತಾನೇ ಪರೀಕ್ಷೆಗೆ ನಿಂತವಳಲ್ಲ.  ಅತ್ತೆ ಕೈಕಟ್ಟಿ, ಮುಖದಲ್ಲಿ ಏನೂ ತೋರಿಸದೆ ನೋಡುತ್ತಿದ್ದರು. ತನ್ನ ಮುಖವೂ ಶಿಷ್ಯರಿಗೆ ಹೀಗೇ ಕಾಣುತ್ತಿತ್ತೇ ಎಂದು ಅವಳಿಗೆ ಅನಿಸಿತು. ಅದಕ್ಕೇ ಇರಬೇಕು ಅವಳ ಬಳಿ ಕಲಿಯುತ್ತಿದ್ದ ಒಬ್ಬ ಪೋಸ್ಟ್‌ಮ್ಯಾನು ಪರೀಕ್ಷೆಯ ದಿನ ಕಾರು ಬಿಟ್ಟು ಇಳಿದು ಓಡಿಹೋದದ್ದು.

ಚಿಲಕ ಬಿಚ್ಚಿದಳು. ಮೇಲೆ ಹತ್ತಿ ವಾಲ್ವ್ ತೆರೆದು ಬಂದಳು. ಬಗ್ಗಿ ನೆಲದ ಹತ್ತಿರ ಮೂಸಿ ನೋಡಿದಳು. ಬೆಲ್ಟ್ ಹಾಕಿಕೊಂಡಳು, ಎಳೆದು ನೋಡಿದಳು. ಕಂಬಳಿ ಇದೆಯೇ ಎಂದು ತಿರುಗಿ ನೋಡಿದಳು. ಕೆಟಲನ್ನು ಒಲೆಯ ಮೇಲಿಟ್ಟು ಕ್ಲಿಪ್ ಬಿಗಿದಳು. ಮೊದಲು ಕಡ್ಡಿ ಗೀರಿ, ಆಮೇಲೆ ಗುಂಡಿ ತಿರುಗಿಸಿದಳು. ನೀಲಿ ಉರಿ ಹೂವಿನಂತೆ ಅರಳಿತು. ಎಲ್ಲಿಯೂ ಕೈ ತಡವರಿಸಲಿಲ್ಲ. ಬೆಂಚಿನ ಮೇಲಿದ್ದ ಮೈದುನ ಕೂಡ ನಿದ್ದೆ ಮಾಡದೆ ನೋಡುತ್ತಿದ್ದ.

ಎಲ್ಲರೂ ಕಾದರು. ಕೆಟಲ್ ಕುದಿಯುವ ಸದ್ದು ಬರಲಿಲ್ಲ. ಇನ್ನೂ ಕಾದರು. ಸಣ್ಣಗೆ ಟಿಕ್ ಟಿಕ್ ಎಂದು ಲೋಹದ ಸದ್ದು ಬಂತು. ಆಮೇಲೆ ಏನೋ ಸುಟ್ಟ ವಾಸನೆ.

ಅತ್ತೆ ಎದ್ದು ಗುಂಡಿ ತಿರುಗಿಸಿ ಉರಿ ಆರಿಸಿದರು. ಬಟ್ಟೆ ಹಿಡಿದು ಕೆಟಲಿನ ಮುಚ್ಚಳ ತೆಗೆದು ಇಣುಕಿದರು.

"ಲೈನೆಲ್ಲ ಸರಿಯಾಗಿದೆ," ಎಂದರು. "ಆ ಕಡೆ ಯಾರೂ ಇಲ್ಲ. ನೀರು ಹಾಕಿಲ್ಲ ನೀನು."

ಬೆಂಚಿನ ಮೇಲಿದ್ದ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಬ್ರೇಕಮ್ಮನಿಗೆ ಮೊದಲು ಅಳು ಬರುವಂತಾಯಿತು, ಆಮೇಲೆ ಅದೆಲ್ಲಿಂದಲೋ ನಗು ಉಕ್ಕಿತು. ನಗುತ್ತಾ ನಗುತ್ತಾ ಬೆಲ್ಟಿನಲ್ಲೇ ಜೋತುಬಿದ್ದಳು. ಗಂಡ ಎದ್ದು ಬಂದು ತನ್ನ ಏಪ್ರನ್ನಿನ 'ಎಲ್' ಬೋರ್ಡನ್ನು ಬಿಚ್ಚಿ, ಬಹಳ ಮರ್ಯಾದೆಯಿಂದ, ಅವಳ ಬೆನ್ನಿಗೆ ಸಿಕ್ಕಿಸಿದ. ಆ ಹೊತ್ತಿನಲ್ಲೂ ಅವಳು, "ಅತ್ತೆ, ವಾಲ್ವ್," ಎಂದಳು. ಅತ್ತೆ ಆಗಲೇ ಮೆಟ್ಟಿಲ ಮೇಲಿದ್ದರು.

ಮಾರನೆಯ ಬೆಳಿಗ್ಗೆ ಅವರೆಲ್ಲ ಬ್ರೆಡ್ಡು ತಿನ್ನುತ್ತಾ ಕೂತಿದ್ದಾಗ ಹುಲ್ಲಿನ ಟೋಪಿಯವನು ಹುಟ್ಟು ಹಾಕಿಕೊಂಡು ಮತ್ತೆ ಬಂದ. ಸ್ವಲ್ಪ ಸಂಕೋಚದಲ್ಲಿದ್ದ. ರಾತ್ರಿಯೆಲ್ಲ ಯೋಚನೆ ಮಾಡಿದನಂತೆ. ಗ್ಯಾಸ್ ಚೆಲ್ಲುವುದೆಂದರೇನು ಎಂದು ತನ್ನಲ್ಲಿದ್ದ ದೋಣಿಯ ಪುಸ್ತಕ ತೆಗೆದು ಓದಿದನಂತೆ. ಓದಿದ ಮೇಲೆ ಎದ್ದು ಹೋಗಿ ತನ್ನ ಸಿಲಿಂಡರಿನ ಪೆಟ್ಟಿಗೆ ನೋಡಿದರೆ, ತಳದ ತೂತಿಗೆ ತಾನೇ ಒಂದು ಕಾಲುಚೀಲ ತುರುಕಿದ್ದು ಕಂಡಿತಂತೆ. ತೂತಿನಿಂದ ತಣ್ಣನೆ ಗಾಳಿ ಬರುತ್ತದೆಂದು ತುರುಕಿದ್ದನಂತೆ.

"ನಿಮ್ಮಲ್ಲಿ ಇದೆಲ್ಲ ತಿಳಿದವರು ಯಾರಾದ್ರೂ ಬಂದು ಒಂದ್ಸಲ ನನ್ ಒಲೆ ನೋಡಿದ್ರೆ ಉಪಕಾರ ಆಗುತ್ತೆ," ಎಂದ.

ಬ್ರೇಕಮ್ಮ ಅರ್ಧ ಎದ್ದಳು. ಲೈಸೆನ್ಸ್ ಇಲ್ಲವೆಂದು ನೆನಪಾಗಿ ಕೂತಳು. ಗಂಡ ಆಕಾಶ ನೋಡಿದ. ಮೈದುನ ಬ್ರೆಡ್ಡಿನ ಅಂಚು ನೋಡಿದ.

"ಲೈನಲ್ಲೇ ಇರಿ, ಬಂದೆ," ಎಂದರು ಅತ್ತೆ. ಸೀರೆಯ ನೆರಿಗೆ ಎತ್ತಿ ಕಟ್ಟಿ, ಛತ್ರಿ ತೆಗೆದುಕೊಂಡು ಅವನ ಸಣ್ಣ ದೋಣಿಗೆ ಇಳಿದರು. ಅವನು ಹುಟ್ಟು ಹಾಕಲು ಶುರುಮಾಡಿದ. ಅರ್ಧ ದಾರಿಯಲ್ಲೇ ಅತ್ತೆಯ ದನಿ ನೀರಿನ ಮೇಲೆ ತೇಲಿಬಂತು. "ಒಲೆ ಹಚ್ಚೋಕೆ ಮುಂಚೆ ಮೊದಲು ಏನು ನೋಡ್ಬೇಕು, ಹೇಳಿ." ಅವನು ಏನು ಹೇಳಿದನೋ ಇವರಿಗೆ ಕೇಳಿಸಲಿಲ್ಲ.

ಬಿಸಿಲೇರುವ ಹೊತ್ತಿಗೆ ಅತ್ತೆ ಒಂದು ಡಬ್ಬಿ ಬಿಸ್ಕತ್ತು ಹಿಡಿದು ವಾಪಸ್ಸು ಬಂದರು. ಮೂವರೂ ಕೈಕೊಟ್ಟು ಅವರನ್ನು ಮೇಲೆ ಹತ್ತಿಸಿಕೊಂಡರು.

"ಏನಾಯ್ತು ಅತ್ತೆ?" ಎಂದಳು ಬ್ರೇಕಮ್ಮ.

"ಫೇಲು," ಎಂದರು ಅತ್ತೆ. "ಪಾಪ, ಒಳ್ಳೆಯವನು. ನಾಳೆ ಮತ್ತೆ ಬರ್ತೀನಿ ಅಂದಿದ್ದೀನಿ. ನೀನೂ ಬೇಕಾದ್ರೆ ಅವನ ಜೊತೇಲೇ ಕೂತ್ಕೋ."